ಗಣಿತ ಮಾಡೆಲಿಂಗ್ ಸ್ಪರ್ಧೆ: ಲ್ಯಾಪ್‌ಟಾಪ್ ಆಮೇಲೆ ತೆರೆಯಿರಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಗಣಿತ ಚೆನ್ನಾಗಿ ಬರುವವರಿಗೇನೂ ಬರವಿಲ್ಲ. ಆದರೆ ನಿಜಜೀವನದ ಸಮಸ್ಯೆಯನ್ನು ಗಣಿತದಿಂದ ಬಿಡಿಸುವ ಮಾಡೆಲಿಂಗ್ ಸ್ಪರ್ಧೆಗೆ ಕೂತರೆ ಹೆಚ್ಚಿನ ತಂಡಗಳು ಮೊದಲ ದಿನವೇ ಹಳಿ ತಪ್ಪುತ್ತವೆ. ಪ್ರಶ್ನೆ ಓದಿ ಹತ್ತು ನಿಮಿಷ ಆಗಿರುವುದಿಲ್ಲ, ಒಬ್ಬ ಕೋಡ್ ಬರೆಯಲು ಪೈಥಾನ್ ತೆರೆದಿರುತ್ತಾನೆ, ಇನ್ನೊಬ್ಬಳು ಡೇಟಾ ಇಳಿಸಿಕೊಳ್ಳುತ್ತಿರುತ್ತಾಳೆ. ಏನನ್ನು ಲೆಕ್ಕ ಹಾಕಬೇಕು ಅಂತ ಯಾರೂ ಕೇಳಿರುವುದಿಲ್ಲ.

ಅಮೆರಿಕದ ಕೋಮ್ಯಾಪ್ ಸಂಸ್ಥೆ 1985ರಿಂದ ನಡೆಸುತ್ತಿರುವ ಎಂಸಿಎಂ (ಮ್ಯಾಥಮೆಟಿಕಲ್ ಕಾಂಟೆಸ್ಟ್ ಇನ್ ಮಾಡೆಲಿಂಗ್) ಮತ್ತು ಅದರ ಜೋಡಿ ಐಸಿಎಂ (ಇಂಟರ್‌ಡಿಸಿಪ್ಲಿನರಿ ಕಾಂಟೆಸ್ಟ್ ಇನ್ ಮಾಡೆಲಿಂಗ್) ಸ್ಪರ್ಧೆಗಳಲ್ಲಿ ಇಲ್ಲಿಂದಲೇ ಭಾಗವಹಿಸಬಹುದು. ತಂಡದಲ್ಲಿ ಹೆಚ್ಚೆಂದರೆ 3 ವಿದ್ಯಾರ್ಥಿಗಳು. ನೋಂದಣಿ ಮಾಡಿಸಲು ಒಬ್ಬ ಮೇಷ್ಟ್ರು ಬೇಕು. ಶುಲ್ಕ ತಂಡಕ್ಕೆ 100 ಡಾಲರ್. ಎ ಇಂದ ಎಫ್ ತನಕ ಆರು ಪ್ರಶ್ನೆ, ಒಂದನ್ನು ಆರಿಸಿಕೊಂಡು 99 ಗಂಟೆಯಲ್ಲಿ ವರದಿ ಕೊಡಬೇಕು.

ಹಂತ 1: ತಂಡ. ಮೂವರೂ ಎಂಎಸ್ಸಿ ಮ್ಯಾಥ್ಸ್ ಬೇಡ. ಒಬ್ಬರಿಗೆ ಗಣಿತ, ಒಬ್ಬರಿಗೆ ಕೋಡಿಂಗ್, ಒಬ್ಬರಿಗೆ ಬರವಣಿಗೆ ಬರಲಿ. ವರದಿ ಇಂಗ್ಲಿಷಿನಲ್ಲೇ ಇರಬೇಕು ನಿಜ, ಆದರೆ ಚರ್ಚೆ ಕನ್ನಡದಲ್ಲೇ ಮಾಡಿ. ಜಗಳ ಬೇಗ ಮುಗಿಯುತ್ತದೆ.

ಹಂತ 2: ನಿದ್ದೆ. ಸ್ಪರ್ಧೆ ಶುರುವಾಗುವುದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಗುರುವಾರ ಸಂಜೆ 5ಕ್ಕೆ, ಅಂದರೆ ನಮ್ಮಲ್ಲಿ ಶುಕ್ರವಾರ ನಸುಕಿನ 3:30. ಆಗಲೇ ಎದ್ದು ಕೂರಬೇಡಿ. ಆರಕ್ಕೆ ಎದ್ದರೆ ಏನೂ ಕೊಳ್ಳೆ ಹೋಗುವುದಿಲ್ಲ.

ಹಂತ 3: ಅಸಂಪ್ಶನ್‌ಗಳು, ಅಂದರೆ ಲೆಕ್ಕಕ್ಕೆ ಮುಂಚೆ ಹೌದೆಂದು ಹಿಡಿಯುವ ಮಾತುಗಳು. ಎಲ್ಲರೂ ಎಡವುವುದು ಇಲ್ಲೇ. ಸ್ಪರ್ಧೆಗೆ ತಿಂಗಳು ಮುಂಚೆಯೇ ಇದನ್ನು ಅಭ್ಯಾಸ ಮಾಡಿ. ಪ್ರಶ್ನೆಗಾಗಿ ದೂರ ಹೋಗಬೇಕಿಲ್ಲ. ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ಬಿಟ್ಟ ನೀರು ರಾಯಚೂರು ಕಡೆಯ ಕೊನೆ ಭಾಗದ ಹೊಲಕ್ಕೆ ಯಾಕೆ ಮುಟ್ಟುವುದಿಲ್ಲ?

ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ನೀವು ಹೌದೆಂದು ಹಿಡಿಯುವ ಮಾತು. ಎರಡನೆಯದರಲ್ಲಿ ಅದಕ್ಕೆ ಕಾರಣ. ಮೂರನೆಯದರಲ್ಲಿ, ಅದು ಸುಳ್ಳಾದರೆ ಏನಾಗುತ್ತದೆ ಎಂಬುದು.

‘ತುಂಗಭದ್ರಾ ಜಲಾಶಯದಲ್ಲಿ 133 ಟಿಎಂಸಿ ಅಡಿ ನೀರು ಹಿಡಿಯುತ್ತದೆ’ ಅಂತ ಬರೆದಿರಿ ಅನ್ನಿ. ಕಾರಣದ ಕಾಲಂಗೆ ಬಂದಾಗ ಸಿಕ್ಕಿಬೀಳುತ್ತೀರಿ. ಅದು ಕಟ್ಟಿದಾಗಿನ ಲೆಕ್ಕ. ಹೂಳು ತುಂಬಿ ಈಗ 105.788ಕ್ಕೆ ಇಳಿದಿದೆ. ‘33 ಗೇಟುಗಳೂ ಸರಿಯಾಗಿವೆ’ ಅಂತ ಬರೆದರೆ ಮೂರನೇ ಕಾಲಂ ಖಾಲಿ ಬಿಡುವ ಹಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋಗಿ ಅಪಾರ ನೀರು ನದಿ ಪಾಲಾಗಿದ್ದು ನೆನಪಿದೆಯಲ್ಲ? ಇನ್ನು ‘ಎಲ್ಲರೂ ಪಾಲಿಗೆ ಬಂದಷ್ಟೇ ನೀರು ಬಳಸುತ್ತಾರೆ’ ಎಂದು ಬರೆದರೆ ಕಾಲುವೆಯ ಕೊನೆ ಭಾಗದ ಮಾನ್ವಿಯ ಯಾವ ರೈತನೂ ನಗುತ್ತಾನೆ. ಮೇಲ್ಭಾಗದಲ್ಲಿ ಭತ್ತ ನಾಟಿ ಆದ ಮೇಲೆ ಕೆಳಗೆ ಏನು ಬರುತ್ತದೆ ಅಂತ ಅವನಿಗೆ ಗೊತ್ತು.

ಆರೇಳು ಅಸಂಪ್ಶನ್ ಸಾಕು. ಇಪ್ಪತ್ತು ಬರೆದವರು ಒಂದನ್ನೂ ಬಳಸಿರುವುದಿಲ್ಲ. ಮಾಡೆಲ್‌ನಲ್ಲಿ ಕೆಲಸಕ್ಕೆ ಬಾರದ್ದನ್ನು ಹೊಡೆದು ಹಾಕಿ.

ಹಂತ 4: ಸಣ್ಣ ಮಾಡೆಲ್. ಕ್ಯಾಲ್ಕ್ಯುಲೇಟರ್‌ನಲ್ಲಿ ಆಗುವಂಥದ್ದು ಮೊದಲು. ಪ್ರತಿ ಕಿಲೋಮೀಟರಿಗೆ ಇರುವ ನೀರಿನಲ್ಲಿ 1% ಸೋರಿಹೋಗುತ್ತದೆ ಎಂದುಕೊಳ್ಳಿ. ಇದು ಅಳತೆ ಮಾಡಿದ ಅಂಕಿಯಲ್ಲ, ಸುಮ್ನೆ ಹಿಡಿದದ್ದು. 0.99ನ್ನು 100 ಸಲ ಗುಣಿಸಿ. 100 ಕಿ.ಮೀ. ದಾಟುವ ಹೊತ್ತಿಗೆ ಸುಮಾರು 37% ಉಳಿಯಿತು. ಯಾರೂ ಕದಿಯದೆ, ಯಾವ ತೂಬೂ ತೆರೆಯದೆ! ಈಗ ಆ 1%ನ್ನು ಅರ್ಧ ಮಾಡಿ, 61% ಉಳಿಯುತ್ತದೆ. ದುಪ್ಪಟ್ಟು ಮಾಡಿ, 13% ಮಾತ್ರ.

ಸೆನ್ಸಿಟಿವಿಟಿ ಅನಾಲಿಸಿಸ್ ಎಂದು ಹೆದರಿಸುತ್ತಾರಲ್ಲ, ಅದು ಇಷ್ಟೇ. ಯಾವ ಅಂಕಿ ಅಲುಗಿದರೆ ಉತ್ತರ ಅಲುಗುತ್ತದೆ ಎಂದು ನೋಡುವುದು. ಇಲ್ಲಿ ಸೋರಿಕೆಯ ಅಂಕಿ ಗಟ್ಟಿ ಇಲ್ಲದೆ ಮುಂದಿನ ಮಾತೆಲ್ಲ ಗಾಳಿಮಾತು ಎಂದು ತಕ್ಷಣ ಗೊತ್ತಾಯಿತು. ಇದು ಗೊತ್ತಾದ ಮೇಲೆ ಭತ್ತದ ಬಳಕೆ, ಆವಿ, ತೂಬುಗಳನ್ನು ಒಂದೊಂದಾಗಿ ಸೇರಿಸಿ. ಒಂದು ಸೇರಿಸಿದಾಗ ಉತ್ತರ ಬದಲಾಗದಿದ್ದರೆ ಅದನ್ನು ತೆಗೆಯಿರಿ.

ಒಂದು ಮಾತು. ‘ಗೆದ್ದ ವರದಿಯ ಟೆಂಪ್ಲೇಟ್’ ಎಂದು ದುಡ್ಡಿಗೆ ಮಾರುವ ಪಿಡಿಎಫ್‌ಗಳನ್ನು ಕೊಳ್ಳಬೇಡಿ. ಎಲ್ಲ ಪ್ರಶ್ನೆಗೂ ಆಯ್ಕೆಗಳಿಗೆ ಅಂಕ ಕೊಟ್ಟು ಹೋಲಿಸುವ ಅದೇ ಎಎಚ್‌ಪಿ, ಅದೇ ಟಾಪ್ಸಿಸ್ ವಿಧಾನ, ಕೊನೆಗೊಂದು ನ್ಯೂರಲ್ ನೆಟ್‌ವರ್ಕ್. ಎಐ ಬಳಸಿದರೆ ಎಲ್ಲಿ, ಹೇಗೆ ಎಂದು ವರದಿಯ ಕೊನೆಯಲ್ಲಿ ಬರೆದು ಸೇರಿಸಬೇಕು. ಮುಚ್ಚಿಡಬೇಡಿ. ಹೊರಗಿನ ಯಾರನ್ನೂ ಕೇಳುವಂತಿಲ್ಲ, ನಿಮ್ಮ ಮೇಷ್ಟ್ರನ್ನೂ ಸೇರಿಸಿ. ಪುಸ್ತಕ, ಇಂಟರ್ನೆಟ್ ನೋಡಬಹುದು.

ಹಂತ 5: ಸಾರಾಂಶದ ಪುಟ. ಪರೀಕ್ಷಕರು ಮೊದಲು ಓದುವುದು ಇದನ್ನೇ, ತಂಡಗಳು ಕೊನೆಗೆ ಬರೆಯುವುದೂ ಇದನ್ನೇ. ಶನಿವಾರವೇ ಮೊದಲ ಕರಡು ಆಗಬೇಕು. ‘ನಾವು ಒಂದು ಮಾಡೆಲ್ ಕಟ್ಟಿ ಸಮಸ್ಯೆ ಬಿಡಿಸಿದೆವು’ ಎಂಬುದು ಸಾರಾಂಶವಲ್ಲ. ‘ಸೋರಿಕೆ ಕಿ.ಮೀ.ಗೆ 1%ನಿಂದ ಅರ್ಧಕ್ಕೆ ಇಳಿದರೆ 100 ಕಿ.ಮೀ. ಆಚೆಗೆ ಮುಟ್ಟುವ ನೀರು 37%ನಿಂದ 61%ಗೆ ಏರುತ್ತದೆ’ ಎಂಬುದು ಸಾರಾಂಶ. ಉತ್ತರ ಅಂಕಿಯಲ್ಲಿರಲಿ. ಬರೆದಾದ ಮೇಲೆ ಗಣಿತದವರು ಓದಿ ಒಪ್ಪಲಿ, ಬರೆದವರೇ ಒಪ್ಪಿಕೊಂಡರೆ ಸಾಲದು.

ಹಂತ 6: ಕಳಿಸುವುದು. ಒಟ್ಟು 25 ಪುಟ ಮೀರಬಾರದು. ಕೊನೆಯಲ್ಲಿ ಸೇರಿಸುವ ಎಐ ಬಳಕೆಯ ವಿವರ ಈ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಹೆಸರು, ಕಾಲೇಜಿನ ಹೆಸರು ಎಲ್ಲೂ ಇರಬಾರದು, ನೋಂದಣಿಯಾದಾಗ ತಂಡಕ್ಕೆ ಸಿಗುವ ಕಂಟ್ರೋಲ್ ನಂಬರ್ ಮಾತ್ರ. ಚಿತ್ರದ ಮೂಲೆಯಲ್ಲಿ ಉಳಿದ ಕಾಲೇಜಿನ ಲೋಗೋವನ್ನೂ ಅಳಿಸಿ. ಆನ್‌ಲೈನ್ ಎಡಿಟರ್ ಒಂದನ್ನೇ ನಂಬಬೇಡಿ. ಫೈಲ್ ಲ್ಯಾಪ್‌ಟಾಪ್‌ನಲ್ಲೂ ಪೆನ್‌ಡ್ರೈವ್‌ನಲ್ಲೂ ಇರಲಿ. ಸ್ಪರ್ಧೆ ಮುಗಿಯುವುದು ನಮ್ಮ ಮಂಗಳವಾರ ಬೆಳಿಗ್ಗೆ 6:30ಕ್ಕೆ. ಪಿಡಿಎಫ್ ಸೋಮವಾರ ರಾತ್ರಿ ಊಟಕ್ಕೆ ಮೊದಲೇ ಸಿದ್ಧವಾಗಲಿ, ಇಬ್ಬರ ಮೊಬೈಲ್‌ನಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇರಲಿ.