ಟಿಪ್ಪು ಸಿಪಾಯಿಯ ಹುಲಿ ಅಂಗಿಗೆ ಡೆಕಾಲ್ ಕೂರಿಸಿದ್ದು

"ಅಂಗಿಯ ಮಡಿಕೆ ಮೇಲೆ ಡೆಕಾಲ್ ಕೂರಲ್ಲ, ಸುಮ್ನೆ ಬ್ರಷ್ ಹಿಡಿ" ಅಂತ ಗೆಳೆಯರೆಲ್ಲ ಹೇಳಿದ್ದರು. ಡೆಕಾಲ್ ಅಂದರೆ ಹಾಳೆಯಲ್ಲಿ ಅಚ್ಚು ಹಾಕಿ, ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ. ಈಗ ನನ್ನ ಕಪಾಟಿನಲ್ಲಿ 54 ಎಂಎಂ ಎತ್ತರದ ಮೈಸೂರು ಸಿಪಾಯಿ ಬೊಂಬೆಗಳ ಒಂದು ಸಾಲೇ ನಿಂತಿದೆ. ಎಲ್ಲರ ಅಂಗಿಯೂ ಡೆಕಾಲೇ. ಹಾಗೆ ಹೇಳಿದವರೇ ಲೆನ್ಸ್ ಹಿಡಿದು ಅಂಚು ಹುಡುಕಿದರು, ಸಿಗಲಿಲ್ಲ.

ಆ ಅಂಗಿ ನಿಮಗೆ ಗೊತ್ತಲ್ವಾ? ನೇರಳೆ ಬಟ್ಟೆ, ಅದರ ತುಂಬ ಬಿಳಿ ಡೈಮಂಡ್ ಗುರುತು. ಕೆಂಪು ಮಸ್ಲಿನ್ ಪೇಟ, ಸೊಂಟಕ್ಕೂ ಅದೇ ಕೆಂಪು ಪಟ್ಟಿ. ನೆಪೋಲಿಯನ್ ಸೈನಿಕರಾದರೆ ಬೇಕಾದಷ್ಟು ಕಿಟ್ ಸಿಗುತ್ತವೆ. ನಮ್ಮವರನ್ನು ನಾವೇ ಮಾಡಿಕೊಳ್ಳಬೇಕು. ಈ ಸ್ಕೇಲಿನಲ್ಲಿ ಒಂದು ಡೈಮಂಡ್ ಒಂದು ಮಿಲಿಮೀಟರ್ ಕೂಡ ಇರಲ್ಲ. ಬ್ರಷ್‌ನಲ್ಲಿ ಎದೆಯ ಮೇಲೆ ಚೆನ್ನಾಗಿ ಬರುತ್ತೆ, ತೋಳಿಗೆ ಬರುವಷ್ಟರಲ್ಲಿ ಗಾತ್ರವೇ ಬದಲಾಗಿರುತ್ತೆ.

ಇಂಕ್‌ಜೆಟ್ ಬಿಳಿ ಅಚ್ಚು ಹಾಕಲ್ಲ. ಅದಕ್ಕೆ ಅಂಗಿಗೆ ಮೊದಲು ಬಿಳಿ ಬಳಿದೆ. ಪಾರದರ್ಶಕ ಡೆಕಾಲ್ ಹಾಳೆಯಲ್ಲಿ ನೇರಳೆ ಮಾತ್ರ ಪ್ರಿಂಟ್ ಮಾಡಿ, ಡೈಮಂಡ್ ಜಾಗ ಖಾಲಿ ಬಿಟ್ಟೆ. ನೀರಿಗೆ ಹಾಕಿದರೆ ಇಂಕ್ ಹರಿಯುತ್ತೆ, ಮೇಲೆ ಕ್ಲಿಯರ್ ಲ್ಯಾಕರ್ ಬೇಕೇ ಬೇಕು. ಲ್ಯಾಕರ್ ದಪ್ಪವಾದರೆ ಡೆಕಾಲ್ ಮಡಿಕೆಗೆ ಬಗ್ಗಲ್ಲ, ತೆಳುವಾದರೆ ನೇರಳೆ ನೀರಲ್ಲಿ ಕರಗಿ ಹೋಗುತ್ತೆ. ಇದೊಂದು ಹದ ಸಿಗೋವರೆಗೆ ಹಾಳೆ ಮೇಲೆ ಹಾಳೆ ಕಸಕ್ಕೆ ಹೋಯಿತು. ಹಾಳೆಗೆ ಇನ್ನೂರು ರೂಪಾಯಿ ಆಸುಪಾಸು. ಕಾರ್ಟ್ರಿಜ್, ಸ್ಪ್ರೇ ಎಲ್ಲ ಸೇರಿ ನಾಲ್ಕೈದು ಸಾವಿರ ಹೋಗಿರಬೇಕು. ಮನೆಯಲ್ಲಿ ಲೆಕ್ಕ ಹೇಳಿಲ್ಲ.

ಗೆದ್ದಿದ್ದು ಕತ್ತರಿಯಿಂದ. ಇಡೀ ಅಂಗಿ ಒಂದೇ ತುಂಡಾಗಿ ಸುತ್ತಬಾರದು. ದರ್ಜಿ ಕತ್ತರಿಸಿದ ಹಾಗೆ ಬೆನ್ನು, ಎದೆಯ ಎರಡು ಭಾಗ, ತೋಳು ಅಂತ ಬೇರೆ ಬೇರೆ ತುಂಡು ಮಾಡಿದೆ. ಜೋಡಣೆ ಕಂಕುಳಲ್ಲೋ ಸೊಂಟದ ಪಟ್ಟಿಯ ಕೆಳಗೋ ಮರೆಯಾಗುತ್ತೆ. ಕೆಳಗೆ ಹೊಳಪಿನ ಕ್ಲಿಯರ್ ಕೋಟ್, ಮೇಲೆ ನೀರು ಬೆರೆಸಿದ ವಿನೆಗರ್. ಡೆಕಾಲ್ ಸುಕ್ಕುಗಟ್ಟಿದರೆ ಗಾಬರಿ ಬೇಡ, ಮುಟ್ಟಲೂ ಬೇಡ, ಒಣಗುವಾಗ ತಾನೇ ಎಳೆದುಕೊಳ್ಳುತ್ತೆ. ವಿನೆಗರ್‌ಗೆ ಇನ್ನೊಂದು ಸೇರಿಸುತ್ತೇನೆ. ಅದೇನು, ಎಷ್ಟು ಅನ್ನೋದು ನನ್ನಲ್ಲೇ ಇರಲಿ.

ನಡುವೆ ಒಂದು ತಲೆಯನ್ನು ಸಿಲಿಕೋನ್ ಅಚ್ಚಿಗೆ ರೆಸಿನ್ ಸುರಿದು ಹತ್ತಾರು ಮಾಡಲು ಹೊರಟೆ. ಮಳೆಗಾಲ. ಪಾಲಿಯುರಿಥೇನ್ ರೆಸಿನ್‌ಗೆ ತೇವ ಆಗಿಬರಲ್ಲ. ಎಲ್ಲ ತಲೆಯೂ ಗುಳ್ಳೆ, ನೊರೆ. ಆ ಕೆಲಸ ಬೇಸಿಗೆಗೆ. ಪೇಟಕ್ಕೆ ಮಾತ್ರ ಎಂ-ಸೀಲ್ ಸಾಕು. ಬೇಗ ಗಟ್ಟಿಯಾಗುತ್ತೆ, ಕೈ ಚುರುಕಿರಬೇಕು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಟಿಪ್ಪು ಸೇನೆಯ ರಾಕೆಟ್. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನ ಹಳೇ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕಿದವಲ್ಲ, ಅಂಥವು. ಕಬ್ಬಿಣದ ಕೊಳವೆಗೆ 16 ಗೇಜ್ ಇಂಜೆಕ್ಷನ್ ಸೂಜಿಯ ಎಂಟು ಮಿಲಿಮೀಟರ್ ತುಂಡು. ಅದಕ್ಕೆ ಕಟ್ಟುವ ಬಿದಿರಿಗೆ ಉರಿದು ಮುಗಿದ ಊದುಬತ್ತಿಯ ಕಡ್ಡಿ, ಸ್ವಲ್ಪ ಹೆರೆದು. ಅದೂ ಬಿದಿರೇ, ಬಣ್ಣವೇ ಬೇಡ. ಕಟ್ಟಿದ ಚರ್ಮದ ಪಟ್ಟಿಗೆ ಕೂದಲೆಳೆಯಷ್ಟು ಮಾಸ್ಕಿಂಗ್ ಟೇಪ್. ಒಂದಕ್ಕೆ ಐದಾರು ರೂಪಾಯಿ ಬೀಳಬಹುದು.

ಮುಂದೆ 1780ರ ಪೊಲ್ಲಿಲೂರು ಯುದ್ಧದ ದೃಶ್ಯ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಚಿತ್ರದಲ್ಲಿರುವ ಹಾಗೆ ಬ್ರಿಟಿಷ್ ಸೇನಾಧಿಕಾರಿ ಬೈಲಿಯ ಪಲ್ಲಕ್ಕಿ, ಉರಿಯುವ ಮದ್ದಿನ ಗಾಡಿ ಎರಡೂ ಬೇಕು. ಪಲ್ಲಕ್ಕಿ ಅರ್ಧ ಆಗಿದೆ. ಹೊಗೆಗೆ ಹತ್ತಿ ಹಾಕಲ್ಲ, ಬೇರೆ ದಾರಿ ನೋಡುತ್ತಿದ್ದೇನೆ.