ಹಂಚಿನ ಅಡಿಯಲ್ಲಿದ್ದ ಯುದ್ಧ

ಮೊದಲ ಮಹಾಯುದ್ಧದ ಕಾಲದ ಮಂಗಳೂರಿನ ಬಗ್ಗೆ ಕಥೆ ಬರೆಯಿರಿ ಎಂದು ಏಳನೆಯ ತರಗತಿಯವರಿಗೆ ಹೇಳಿದ ವರ್ಷ ನನ್ನ ಮೇಜಿನ ಮೇಲೆ ಬಿದ್ದದ್ದು ಬರೀ ಬಾಂಬು. ಜೆಪ್ಪುವಿನ ಮೇಲೆ ವಿಮಾನ ಹಾರಿತ್ತು, ನೇತ್ರಾವತಿ ದಂಡೆಯಲ್ಲಿ ಟ್ಯಾಂಕ್ ಓಡಿತ್ತು. ಒಬ್ಬ ಸೈನಿಕನಂತೂ ಸಾಯುವ ಮೊದಲು ತಾಯಿಗೆ ಮೊಬೈಲಿನಲ್ಲಿ ಕರೆ ಮಾಡಿದ್ದ! ತಪ್ಪು ನನ್ನದೇ. ಹಲಗೆಯ ಮೇಲೆ ಇಸವಿ ಬರೆದು ಸುಮ್ಮನಾಗಿದ್ದೆ.

ಮರುವರ್ಷ ಎರಡು ಹಂಚುಗಳನ್ನು ಚೀಲದಲ್ಲಿ ಹೊತ್ತು ತಂದೆ. ಹಳೆಯ ಮನೆಯೊಂದನ್ನು ಕೆಡವುವಲ್ಲಿ ಕೇಳಿ ತಂದವು. ಮಗುಚಿಟ್ಟು, ಅಚ್ಚು ಓದಿ ಎಂದೆ. ಒಂದರಲ್ಲಿ ಬಾಸೆಲ್ ಮಿಷನ್, ಇನ್ನೊಂದರಲ್ಲಿ ಕಾಮನ್‌ವೆಲ್ತ್.

"ಮೊದಲಿನ ಯಜಮಾನರು ಮಾರಿಬಿಟ್ಟರೇ, ಟೀಚರ್?"

ಮಾರಲಿಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮಿಷನ್ನಿನ ತವರು ಸ್ವಿಟ್ಜರ್ಲೆಂಡಿನ ಬಾಸೆಲ್. ಆದರೆ ಇಲ್ಲಿಗೆ ಬಂದ ಪಾದ್ರಿಗಳಲ್ಲಿ ಜರ್ಮನರು ಬಹಳ. 1914ರಲ್ಲಿ ಯುದ್ಧ ಶುರುವಾದಾಗ ಅವರು ಶತ್ರು ದೇಶದವರಾದರು. ಬಂಧನಗಳಾದವು, ಕಾರ್ಖಾನೆಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡಿತು, ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.

ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಹಾಗಾದರೆ ಕಿಟ್ಟೆಲ್ ಅವರನ್ನೂ ಹಿಡಿದರೇ?" ಕಿಟ್ಟೆಲ್ 1903ರಲ್ಲೇ ಜರ್ಮನಿಯಲ್ಲಿ ತೀರಿಕೊಂಡಿದ್ದರು ಎಂದೆ. ಆದರೆ ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಿಷನ್ನಿನ ಮುದ್ರಣಾಲಯದಲ್ಲಿ, ನಮ್ಮ ಊರಿನಲ್ಲಿ. ತರಗತಿ ಸ್ವಲ್ಪ ಹೊತ್ತು ಗೊಂದಲಕ್ಕೆ ಬಿತ್ತು. ನಾನು ಬಿಡಿಸಲು ಹೋಗಲಿಲ್ಲ. ಕಥೆ ಹುಟ್ಟುವುದಿದ್ದರೆ ಆ ಗೊಂದಲದಲ್ಲೇ ಹುಟ್ಟಬೇಕಿತ್ತು.

ಬಾಂಬ್ ಇಲ್ಲದ ಯುದ್ಧವೆಂದು ಮುಖ ಸಣ್ಣದು ಮಾಡಿಕೊಂಡ ಹುಡುಗರಿಗೆ ಎಂಡೆನ್ ಹಡಗನ್ನು ಕೊಟ್ಟೆ. 1914ರ ಸೆಪ್ಟೆಂಬರ್ 22ರ ರಾತ್ರಿ ಆ ಜರ್ಮನ್ ಹಡಗು ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿತ್ತು. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಸುದ್ದಿ ಬಂದರಿನ ದಕ್ಕೆಗೆ ತಲುಪಿದಾಗ ಜನ ಏನೆಂದಿರಬಹುದು? ಅದು ನಿಮ್ಮ ಕೆಲಸ ಎಂದೆ.

ನಿಯಮ ಒಂದೇ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ 'ಗೊತ್ತಿರುವುದು', ಬಲಕ್ಕೆ 'ನಾನು ಕಟ್ಟಿದ್ದು' ಎಂದು ಬರೆಯಬೇಕು. ಬಲಗಡೆ ಎಷ್ಟು ತುಂಬಿದರೂ ಸರಿ, ಎಡಗಡೆಯದನ್ನು ಸುಳ್ಳಾಗಿಸುವಂತಿಲ್ಲ. ವ್ಯಾಕರಣ ತಿದ್ದುವುದಕ್ಕಿಂತ ಇದನ್ನು ತಿದ್ದುವುದು ಕಷ್ಟ ಎಂದು ಆಮೇಲೆ ಗೊತ್ತಾಯಿತು. ಒಬ್ಬನಂತೂ 'ಅಜ್ಜ ಹೇಳಿದ್ದು' ಎಂದು ಮೂರನೆಯ ಕಾಲಮನ್ನೇ ಹಾಕಿಕೊಂಡು ಬಂದ. ಒಪ್ಪಿಕೊಂಡೆ.

ಒಬ್ಬಳ ಕಥೆಯಲ್ಲಿ ಅಪ್ಪ ಹಂಚು ಸುಡುವ ಗೂಡಿನಲ್ಲಿ ಕೆಲಸಗಾರ. ದೊರೆಯನ್ನು ಪೊಲೀಸರು ಕರೆದೊಯ್ದ ಮರುದಿನ ಬೆಳಿಗ್ಗೆ ಮಗಳು ಅಂಗಳದಲ್ಲಿ ನಿಂತು ಕಾರ್ಖಾನೆಯ ಕೂಗಿಗಾಗಿ ಕಾಯುತ್ತಾಳೆ. ದೊರೆಯ ಮೇಲಿನ ಪ್ರೀತಿಗೆ ಇರಬೇಕು ಎಂದುಕೊಂಡು ಕೇಳಿದೆ. "ಅಲ್ಲ ಟೀಚರ್, ಕೂಗದಿದ್ದರೆ ಅಪ್ಪನಿಗೆ ಆ ದಿನದ ಸಂಬಳ ಇಲ್ಲ."

ಕೂಗಿತೋ ಇಲ್ಲವೋ ಎಂದು ಅವಳು ಬರೆದಿರಲಿಲ್ಲ. ಬರೆ ಎಂದು ನಾನೂ ಹೇಳಲಿಲ್ಲ.