ಬ್ರಿಟನ್‌ಗೆ ಹೊರಟಿದ್ದೀರಾ ಸಿಸ್ಟರ್? ಮೊದಲು ಬಾಯಿ ಬಿಡಿ

ಬ್ರಿಟನ್‌ನಲ್ಲಿ ನರ್ಸ್ ಆಗಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಏಜೆಂಟ್ ಎಷ್ಟು ತಗೊಳ್ತಾನೆ? ಕೆಲಸ ಕೊಡಿಸುವುದಕ್ಕೆ ನಿಮ್ಮಿಂದ ದುಡ್ಡು ಕೀಳುವಂತಿಲ್ಲ ಅಂತ ಅಲ್ಲಿನ ಸರ್ಕಾರದ ನಿಯಮವೇ ಇದೆ. ಲಕ್ಷ ಕೇಳಿದರೆ ಎದ್ದು ಬನ್ನಿ. 'ಕೇರರ್ ವೀಸಾ ಮಾಡಿಸ್ತೀವಿ' ಅಂದರಂತೂ ಓಡಿ ಬನ್ನಿ, ಹೊರದೇಶದಿಂದ ಕೇರರ್‌ಗಳನ್ನು, ಅಂದರೆ ವಯಸ್ಸಾದವರನ್ನು, ಕಾಯಿಲೆಯವರನ್ನು ನೋಡಿಕೊಳ್ಳುವವರನ್ನು, ಕರೆಸಿಕೊಳ್ಳುವುದನ್ನು 2025ರ ಜುಲೈನಲ್ಲೇ ನಿಲ್ಲಿಸಿದ್ದಾರೆ. ನರ್ಸ್‌ಗಳಿಗೆ ಬಾಗಿಲು ಮುಚ್ಚಿಲ್ಲ, ಆದರೆ ಮೊದಲಿನಷ್ಟು ಕೆಲಸ ಖಾಲಿ ಇಲ್ಲ.

ಶುರು ಮಾಡುವುದು ಇಂಗ್ಲಿಷ್‌ನಿಂದ. ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆ ಆದರೆ ಬರವಣಿಗೆಯಲ್ಲಿ 6.5, ಓದು, ಆಲಿಸುವುದು, ಮಾತು ಈ ಮೂರರಲ್ಲೂ 7 ಬೇಕು. ಆಸ್ಪತ್ರೆ ಕೆಲಸದವರಿಗೆಂದೇ ಇರುವ ಒಇಟಿ ಪರೀಕ್ಷೆ ಆದರೆ ಬರವಣಿಗೆಗೆ ಸಿ ಪ್ಲಸ್, ಉಳಿದದ್ದಕ್ಕೆ ಬಿ. ಒಇಟಿಯಲ್ಲಿ ಬರೆಯಬೇಕಾದದ್ದು ರೋಗಿಯ ಬಗ್ಗೆ ಒಂದು ಪತ್ರ, ವಾರ್ಡ್‌ನಲ್ಲಿ ಕೆಲಸ ಮಾಡಿದವರಿಗೆ ಅದೇ ಸಲೀಸು ಅಂತ ನನ್ನ ಲೆಕ್ಕ.

ಆಮೇಲೆ ನರ್ಸ್‌ಗಳನ್ನು ನೋಂದಾಯಿಸುವ ಅಲ್ಲಿನ ಕೌನ್ಸಿಲ್ ಎನ್‌ಎಂಸಿಗೆ ಅರ್ಜಿ. ನಮ್ಮಲ್ಲಿ ಎನ್‌ಎಂಸಿ ಅಂದರೆ ಡಾಕ್ಟರ್‌ಗಳದ್ದು, ಅಲ್ಲಿ ನರ್ಸ್ ಮತ್ತು ಮಿಡ್‌ವೈಫ್‌ಗಳದ್ದು. ನಿಮ್ಮ ನೋಂದಣಿ ಸರಿಯಾಗಿದೆ ಅಂತ ಇಲ್ಲಿನ ನರ್ಸಿಂಗ್ ಕೌನ್ಸಿಲ್ ಅವರಿಗೆ ದೃಢಪಡಿಸಬೇಕು, ಅದಕ್ಕೆ ಬೇಗ ಕೈ ಹಾಕಿ. ಸಿಬಿಟಿ ಅನ್ನುವ ಕಂಪ್ಯೂಟರ್ ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು. 15 ಲೆಕ್ಕ, 100 ನರ್ಸಿಂಗ್ ಪ್ರಶ್ನೆ. ಡ್ರಿಪ್ ನಿಮಿಷಕ್ಕೆ ಎಷ್ಟು ಹನಿ ಅನ್ನುವ ಲೆಕ್ಕ ಬಾಯಿಪಾಠ ಇದ್ದರೆ ಸಾಕು ಅನ್ನುತ್ತಾರೆ, ಸಾಲದು. ಅದು ಮುಗಿದು ಕೆಲಸ, ವೀಸಾ ಸಿಕ್ಕಮೇಲೆ ವಿಮಾನ.

ನಿಜವಾದ ಕಷ್ಟ ಅಲ್ಲಿ ಕಾದಿರುತ್ತದೆ, ಹೆಸರು ಆಸ್ಕಿ (OSCE), ಕೆಲಸ ಮಾಡಿ ತೋರಿಸುವ ಪರೀಕ್ಷೆ. ಕೆಲಸಕ್ಕೆ ಸೇರಿದ 12 ವಾರದೊಳಗೆ ಕೂರಬೇಕು. 10 ಸ್ಟೇಷನ್, ಅಂದರೆ ಹತ್ತು ಪುಟ್ಟ ಪರೀಕ್ಷೆ, ಅದರಲ್ಲಿ ಕೆಲವು ಬರೆಯುವಂಥವು. ನಮ್ಮವರ ಕೈ ಚುರುಕು, ಅದರ ಬಗ್ಗೆ ಯಾರಿಗೂ ಅನುಮಾನವಿಲ್ಲ, ಆದರೆ ಐವತ್ತು ರೋಗಿಗಳ ವಾರ್ಡ್‌ನಲ್ಲಿ ಮಾತಾಡದೆ ಸರಸರ ಇಂಜೆಕ್ಷನ್ ಕೊಟ್ಟು ಮುಂದಿನ ಮಂಚಕ್ಕೆ ಹೋಗಿ ಅಭ್ಯಾಸ ಆಗಿಬಿಟ್ಟಿರುತ್ತದೆ. ಅಲ್ಲಿ ಕೈ ತೊಳೆದದ್ದನ್ನೂ ಬಾಯಲ್ಲಿ ಹೇಳಬೇಕು. ನಾನು ಇಂಥವಳು, ನಿಮ್ಮನ್ನು ಏನಂತ ಕರೆಯಲಿ, ಬಿಪಿ ನೋಡಬಹುದಾ, ಯಾವುದಾದರೂ ಅಲರ್ಜಿ ಇದೆಯಾ. ಒಪ್ಪಿಗೆ ಕೇಳದೆ ಮುಟ್ಟುವಂತಿಲ್ಲ. ಮನೆಯಲ್ಲಿ ತಂಗಿಯನ್ನೋ ದಿಂಬನ್ನೋ ಮಲಗಿಸಿಕೊಂಡು ಜೋರಾಗಿ ಹೇಳುತ್ತಾ ಅಭ್ಯಾಸ ಮಾಡಿ, ನಗುವವರು ನಗಲಿ.

ಪಾಸಾಗಿ ಪಿನ್ ಅನ್ನುವ ನೋಂದಣಿ ನಂಬರ್ ಬಂದ ಮೇಲೂ ಬಾಯಿ ಮುಚ್ಚುವ ಹಾಗಿಲ್ಲ. ಬಿಪಿ, ನಾಡಿ, ಉಸಿರಾಟ ಎಲ್ಲ ನೋಡಿ ರೋಗಿಗೆ ಹಾಕುವ ನ್ಯೂಸ್ (NEWS) ಸ್ಕೋರ್ 5 ಮುಟ್ಟಿತು ಅಂದರೆ ರಾತ್ರಿ ಮೂರು ಗಂಟೆಯಾದರೂ ಡಾಕ್ಟರನ್ನು ಕರೆಯಬೇಕು. ಸುಮ್ನೆ ಬರೆದಿಟ್ಟರೆ ನಿಮ್ಮದೇ ತಪ್ಪು. ಡೋಸ್ ತಪ್ಪು ಅನಿಸಿದರೆ ಕನ್ಸಲ್ಟೆಂಟ್ ಅನ್ನುವ ಹಿರಿಯ ಡಾಕ್ಟರ್‌ಗೂ ಹೇಳಬೇಕು, ಅದೂ ಸರ್ ಅನ್ನದೆ, ಹೆಸರು ಹಿಡಿದು! ರೋಗಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು ಮನೆಯವರ ಕೆಲಸ ಅಲ್ಲ, ನಿಮ್ಮದು ಮತ್ತು ಹೆಲ್ತ್‌ಕೇರ್ ಅಸಿಸ್ಟೆಂಟ್‌ದು.

ಇನ್ನು ಅಜ್ಜಿಯೊಬ್ಬರು 'ಸ್ಪೆಂಡ್ ಎ ಪೆನ್ನಿ' ಅಂದರೆ ಚಿಲ್ಲರೆ ಹುಡುಕಬೇಡಿ, ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ. ಸಿಸ್ಟರ್ ಎಲ್ಲಿ ಅಂತ ಯಾರಾದರೂ ಕೇಳಿದರೂ ಓಡಿ ಹೋಗಬೇಡಿ. ಅಲ್ಲಿ ಸಿಸ್ಟರ್ ಅಂದರೆ ವಾರ್ಡ್ ಇನ್‌ಚಾರ್ಜ್.